ದುರುಗಪ್ಪನ ಕಿವಿ

ತೆಲಿಗಿಯ ದುರುಗಪ್ಪ ಮೆಕ್ಕೆಜೋಳ ಒಕ್ಕುವ ಯಂತ್ರದ ಬಾಯಿಗೆ ತೆನೆ ಉಣಿಸುವವನು. ಆ ಕೆಲಸ ಕೈಯದಲ್ಲ, ಕಿವಿಯದು. ಸದ್ದು ಒಂದಿಷ್ಟು ದಪ್ಪವಾದರೆ ಸಾಕು, ಒಳಗೆ ತೆನೆಯ ದಿಂಡು ಸಿಕ್ಕಿಕೊಂಡಿದೆ ಎಂದು ಗೊತ್ತಾಗಿ ಯಂತ್ರ ನಿಲ್ಲಿಸಿಬಿಡುತ್ತಿದ್ದ. ಹನ್ನೊಂದು ವರ್ಷ ಬಾಗಳಿ, ನೀಲಗುಂದದ ಕಣ ತಿರುಗಿದರೂ ಅವನ ಹತ್ತು ಬೆರಳೂ ಉಳಿದಿದ್ದವು. ಆ ಕಸುಬಿನಲ್ಲಿ ಅದು ಸಣ್ಣ ಮಾತಲ್ಲ.

ಎರಡು ಸಾವಿರದ ಐದರ ಸುಗ್ಗಿಯಲ್ಲಿ ಮೋಡ ಕದಲಲಿಲ್ಲ. ಮಳೆ ಬೀಳುವ ಮೊದಲೇ ಒಕ್ಕಲು ಎಲ್ಲರಿಗೂ ಒಂದೇ ಸಲ ಯಂತ್ರ ಬೇಕಾಯಿತು. ಯಾವನೋ ಲಾರಿಯವನು ನಿದ್ದೆ ಓಡಿಸುವ ಗುಳಿಗೆ ಕೊಟ್ಟ. ಅವನ ಮನೆ ಹಾಳಾಗ. ಮೊದಲು ದಿನಕ್ಕೊಂದು, ವಾರದೊಳಗೆ ಮೂರು.

“ಮೈಯಾಗ ಎರಡೆತ್ತಿನ ಕಸುವು ಬಂದೈತಿ” ಎಂದು ದುರುಗಪ್ಪ ಬೀಗಿದ.

ಪಕ್ಕದಲ್ಲೇ ಬುಟ್ಟಿ ತುಂಬಿ ಕೊಡುತ್ತಿದ್ದ ಹೆಂಡತಿ ಸುಂಕಮ್ಮನಿಗೆ ಕಂಡದ್ದೇ ಬೇರೆ. ಅವನು ರೊಟ್ಟಿ ಮುಟ್ಟುತ್ತಿರಲಿಲ್ಲ. ತುಟಿ ಒಣಗಿ ಸೀಳಿತ್ತು. ಸುಮ್ಮನೆ ಕೂತಾಗಲೂ ಹಲ್ಲು ಕಡಿಯುತ್ತಿದ್ದ, ಕುತ್ತಿಗೆಯ ನರ ಪಟಪಟ ಹಾರುತ್ತಿತ್ತು. ನಾಲ್ಕು ದಿನದಿಂದ ಕಣ್ಣು ಮುಚ್ಚಿರಲಿಲ್ಲ.

ಅಂದು ಬಾಗಳಿಯ ಪಂಚಾಕ್ಷರಪ್ಪನ ಕಣ. ಊಟಕ್ಕೆಂದು ಯಂತ್ರ ನಿಲ್ಲಿಸಿದ್ದರು. ದುರುಗಪ್ಪ ತಲೆ ಓರೆ ಮಾಡಿ ಆಲಿಸಿದ.

“ಕೇಳು, ದಿಂಡು ಸಿಕ್ಕೈತಿ.”

“ಬಂದ್ ಐತಲ್ಲೋ ಮಾರಾಯ ಅದು” ಎಂದ ಪಕ್ಕದಲ್ಲಿ ಉಣ್ಣುತ್ತಿದ್ದ ಆಳು.

“ಬಂದ್ ಇದ್ರ ಗುರ್ ಅನ್ನೋದು ನಿಮ್ಮಪ್ಪನೇನು?” ಎಂದು ನಕ್ಕು, ಎದ್ದು ಹೋಗಿ ಯಂತ್ರದ ಬಾಯಲ್ಲಿ ಮೊಣಕೈ ತನಕ ತೋಳು ತೂರಿಸಿದ.

ಸುಂಕಮ್ಮ ತುತ್ತು ಬಿಟ್ಟು ಎದ್ದಳು. ಊಟ ಮುಗಿದರೆ ಯಂತ್ರ ಶುರು. ಸುಳ್ಳು ಹೇಳುವ ಆ ಕಿವಿ ಮಾತ್ರ ಹೀಗೇ ಇರುತ್ತದೆ. ತಿರುಗುವ ಹಲ್ಲಿನೊಳಗೂ ಇದೇ ತೋಳು ಹೋಗುತ್ತದೆ. ಅವಳು ಯಂತ್ರ ತಿರುಗಿಸುವ ಟ್ರ್ಯಾಕ್ಟರ್ ಹತ್ತಿ ಕೀಲಿ ಕಿತ್ತು ಸೆರಗಿಗೆ ಗಂಟು ಹಾಕಿಕೊಂಡಳು.

“ಏ ಸುಂಕಮ್ಮ, ಮೋಡ ನೋಡಬೇ, ಕೀಲಿ ಕೊಡು” ಎಂದು ಪಂಚಾಕ್ಷರಪ್ಪ ಸಿಡುಕಿದ.

“ತೊಯ್ದ ಜೋಳ ಒಣಗಸ್ತೀರಿ ಗೌಡ್ರ. ಹೋದ ಕೈ ತಂದು ಕೊಡ್ತೀರೇನ್ರಿ?”

“ಇಬ್ರೂ ಕೂಡಿ ನನ್ನ ಕೆಲಸ ಕಸಿಯಾಕ ನಿಂತೀರಿ” ಎಂದು ದುರುಗಪ್ಪ ಕಿರುಚಿದ. ಬೆವೆತು ತೊಪ್ಪೆಯಾದ ಅವನ ಅಂಗಿ ಕಂಡಮೇಲೆ ಪಂಚಾಕ್ಷರಪ್ಪ ಕೀಲಿ ಕೇಳುವುದನ್ನು ಬಿಟ್ಟ. ಜೀಪು ತರಿಸಿದ.

ಹರಪನಹಳ್ಳಿಯ ಡಾಕ್ಟರು ನಾಡಿ ಹಿಡಿದವರೇ ಮುಖ ಗಂಟಿಕ್ಕಿದರು. “ಗುಳಿಗೆ ಕಸುವು ಕೊಡಲ್ಲಮ್ಮ, ದಣಿವು ಮುಚ್ಚಿಡುತ್ತೆ ಅಷ್ಟೆ. ಒಳಗೆ ಹೃದಯ ಓಡ್ತಾನೇ ಇರುತ್ತೆ, ರಕ್ತದೊತ್ತಡ ಏರುತ್ತೆ. ನಿದ್ದೆ ಕೆಟ್ಟ ಮೆದುಳಿಗೆ ಇಲ್ಲದ್ದು ಕೇಳುತ್ತೆ, ಎಲ್ಲರ ಮೇಲೂ ಅನುಮಾನ ಬರುತ್ತೆ.”

“ಕಿವಿ ಮೊದಲಿನಂಗ ಆಕ್ಕತೇನ್ರಿ?”

“ಮೊದಲು ನಾಡಿ ಇಳೀಲಿ. ನಿದ್ದೆ ಬರಲಿ. ಆಮೇಲೆ ನೋಡೋಣ.”

ಸಂಜೆ ಆಸ್ಪತ್ರೆಯ ತಗಡಿನ ಮೇಲೆ ಮಳೆ ಸುರಿಯಿತು. ಮಂಚದ ಪಕ್ಕ ಅವನ ಮುಂಗೈ ಹಿಡಿದು ಕೂತಿದ್ದ ಸುಂಕಮ್ಮ ಮೆಲ್ಲಗೆ ಕೇಳಿದಳು, “ಏನು ಕೇಳತೈತಿ?”

“ಮಳಿ” ಅಂದ.

ಅವಳು ಉಸಿರು ಬಿಟ್ಟಳು.

“ಅದರ ಹಿಂದ ಯಂತ್ರ” ಅಂದ ದುರುಗಪ್ಪ. ಅವಳ ಬೆರಳಡಿ ನಾಡಿ ಇನ್ನೂ ಕುಣಿಯುತ್ತಿತ್ತು.