ಸಾಸಿವೆ ಅಂಜೂರ ಮತ್ತು ನನ್ನ ಮೊಸರನ್ನ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ದಿನ ಅಜ್ಜಿಯ ವ್ಯಾಪಾರ ಕೆಡಿಸಿದ್ದು ನನ್ನ ಬಾಯಿ. ಅವರು ಸಂಬಳ ಕೊಟ್ಟಿದ್ದು ನನ್ನ ಕೈಗಳಿಗೆ ಮಾತ್ರ. ಬಾಯಿಯನ್ನು ನಾನೇ ಪುಕ್ಕಟೆಯಾಗಿ ಸೇರಿಸಿದ್ದೆ.

ಜರ್ಮನಿಯ ಕಲೋನ್‌ನಲ್ಲಿ ಓದುತ್ತಿದ್ದಾಗ ಆಹಾರ ಮೇಳವೊಂದರಲ್ಲಿ, ಇಟಲಿಯ ಅಜ್ಜಿಯೊಬ್ಬರ ಮಳಿಗೆಯಲ್ಲಿ ಪೆಟ್ಟಿಗೆ ಹೊರುವ, ಬಂದವರಿಗೆ ಚಮಚದಲ್ಲಿ ರುಚಿ ತೋರಿಸುವ ಕೆಲಸ ಸಿಕ್ಕಿತ್ತು. ಅಜ್ಜಿ ಮಾಡುವುದು ಮೊಸ್ತಾರ್ದ. ಇಡೀ ಅಂಜೂರ, ಚೆರ್ರಿಗಳನ್ನು ಸಕ್ಕರೆ ಪಾಕದಲ್ಲಿ ನೆನೆಸಿ, ಕಾಯಿಸಿ, ಮತ್ತೆ ನೆನೆಸಿ, ಕೊನೆಗೆ ಸಾಸಿವೆಯ ಘಾಟು ಸೇರಿಸಿದ್ದು. ಸಿಹಿ ಎಂದುಕೊಳ್ಳುವಷ್ಟರಲ್ಲಿ ಅದು ಮೂಗಿಗೇರುತ್ತದೆ. ಮೊದಲ ಸಲ ತಿಂದು ನನ್ನ ಕಣ್ಣಲ್ಲಿ ನೀರು ಬಂದಾಗ ಮನೆ ನೆನಪಾಯಿತೇನೋ ಎಂದು ಅಜ್ಜಿ ಬೆನ್ನು ಸವರಿದರು. ಸಾಸಿವೆಯದೆಂದು ಹೇಳಲು ಮನಸ್ಸು ಬರಲಿಲ್ಲ. ಪೂರ್ತಿ ಸಾಸಿವೆಯದೂ ಆಗಿರಲಿಲ್ಲ. ಉಡುಪಿಯ ನಮ್ಮ ಮನೆಯ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದಂತಾಗಿತ್ತು.

ಅಜ್ಜಿಯ ಊರಿನಲ್ಲಿ ಅದನ್ನು ತಿನ್ನುವವರು ಕಡಿಮೆಯಾಗುತ್ತಿದ್ದರು. ಕ್ರಿಸ್‌ಮಸ್ಸಿಗೆ ಬೇಯಿಸಿದ ಮಾಂಸದ ಜೊತೆ ತಿನ್ನುವುದು ಪದ್ಧತಿ. ಈಗಿನವರಿಗೆ ಗಂಟೆಗಟ್ಟಲೆ ಮಾಂಸ ಬೇಯಿಸುವ ತಾಳ್ಮೆಯಿಲ್ಲ. ಜರ್ಮನಿಯಲ್ಲಿ ಒಬ್ಬ ವ್ಯಾಪಾರಿಯಾದರೂ ಸಿಗದಿದ್ದರೆ ಈ ಚಳಿಗಾಲಕ್ಕೇ ಪಾಕದ ಹಂಡೆ ಕವುಚಿ ಹಾಕುವುದು ಎಂದು ಮಗ ಹೇಳಿಬಿಟ್ಟಿದ್ದನಂತೆ. ಹಾಗಾಗಿ ಅಜ್ಜಿಯೇ ಹೊರಟು ಬಂದಿದ್ದರು. ಹುಡುಗಿಯಾಗಿದ್ದಾಗ ಇಲ್ಲಿನ ಇಟಾಲಿಯನ್ ಐಸ್‌ಕ್ರೀಮ್ ಅಂಗಡಿಯಲ್ಲಿ ದುಡಿದವರು. ಮಾತಾಡಿದರೆ ಭಾಷೆ ಜರ್ಮನ್, ಕೈಗಳೆರಡೂ ಇಟಾಲಿಯನ್. ಮಾತನ್ನು ಇಲ್ಲಿ ನನ್ನೂರಿನ ಕನ್ನಡಕ್ಕೆ ಹಾಕಿದ್ದೇನೆ. ಕೈಗಳನ್ನು ನೀವೇ ಆಡಿಸಿಕೊಳ್ಳಬೇಕು.

ನನಗೋ ಮಿಮಿಕ್ರಿಯ ಚಟ. ಪ್ರೊಫೆಸರು, ಟ್ರಾಮಿನಲ್ಲಿ ಟಿಕೆಟ್ ಕೇಳುವವನು, ಫೋನಿನಲ್ಲಿ ಅಮ್ಮನಿಗೆ 'ಊಟ ಆಯ್ತು' ಎಂದು ಸುಳ್ಳು ಹೇಳುವ ನಾನು, ಯಾರನ್ನೂ ಬಿಟ್ಟವನಲ್ಲ.

ಆ ಬೆಳಿಗ್ಗೆ ಬಂದವರು ಹಲವು ಅಂಗಡಿಗಳಿಗೆ ಸರಕು ಆರಿಸುವ ಜರ್ಮನ್ ಗೃಹಸ್ಥರು. ಚೆರ್ರಿ ತಿಂದು, ಕನ್ನಡಕ ತೆಗೆದಿಟ್ಟು, ಕಣ್ಣೊರೆಸಿಕೊಂಡರು. "ಚೆನ್ನಾಗಿದೆ. ಯಾವುದರ ಜೊತೆ ತಿನ್ನುವುದು?"

ಅಜ್ಜಿ ಬಾಯಿ ತೆರೆಯುವ ಮೊದಲೇ ನಾನು ಅವರದೇ ದನಿಯಲ್ಲಿ, ಅವರದೇ ಕೈ ಬೀಸುತ್ತ ಶುರುಮಾಡಿದೆ. "ಬೇಯಿಸಿದ ಮಾಂಸದ ಜೊತೆ. ಬೆಳಿಗ್ಗೆ ಒಲೆಗಿಟ್ಟರೆ ಮಧ್ಯಾಹ್ನಕ್ಕೆ. ಅದೂ ಕ್ರಿಸ್‌ಮಸ್ಸಿಗೆ. ಪಕ್ಕದಲ್ಲಿ ಅತ್ತೆ ಕೂತಿರಬೇಕು, ಕಣ್ಣೀರಿಗೊಂದು ನೆಪ ಬೇಕಲ್ಲ."

ಅವರು ಮನಸಾರೆ ನಕ್ಕರು. ಆಮೇಲೆ, "ಅಂದರೆ ವರ್ಷಕ್ಕೊಂದು ಸಲ," ಎಂದು ತಲೆಯಾಡಿಸಿ ಹೊರಟುಹೋದರು.

ಅಜ್ಜಿ ಬೈಯಲಿಲ್ಲ. ಆಗಲೇ ಒರೆಸಿಟ್ಟ ಬಾಟಲಿಯನ್ನು ಮತ್ತೆ ಒರೆಸಿದರು. ಎದುರಿನ ಚೀಸ್ ಮಳಿಗೆಯಲ್ಲಿದ್ದ ನನ್ನ ಹುಬ್ಬಳ್ಳಿಯ ರೂಮ್‌ಮೇಟ್ ಎಲ್ಲವನ್ನೂ ನೋಡಿದ್ದ. "ಲೇ ಮಗಾ, ನೀ ಸುಮ್ನ ನಿಂತಿದ್ರ ಆ ಅಜ್ಜಿಗೊಂದು ಆರ್ಡರ್ ಸಿಗ್ತಿತ್ತಲೋ."

ಮಧ್ಯಾಹ್ನದವರೆಗೆ ನಾನು ಯಾರ ದನಿಯನ್ನೂ ಮಾಡಲಿಲ್ಲ. ಅಜ್ಜಿಯೇ ಕರೆದು, "ಹೋಗು, ಉಂಡು ಬಾ. ಹಸಿದ ಹೊಟ್ಟೆಯಲ್ಲಿ ನನ್ನ ಸ್ವರ ನಿನಗೆ ಸರಿ ಬರುದಿಲ್ಲ," ಎಂದರು. ಬೈದಿದ್ದರೆ ಇದಕ್ಕಿಂತ ಹಗುರಾಗುತ್ತಿತ್ತು.

ಪರದೆಯ ಹಿಂದೆ ಕೂತು ಡಬ್ಬಿ ತೆರೆದೆ. ಮೊಸರನ್ನ. ರೂಮಿನಲ್ಲಿ ಉಪ್ಪಿನಕಾಯಿ ಮುಗಿದಿತ್ತು. ಕೈ ತಾನಾಗಿಯೇ ರುಚಿ ತೋರಿಸುವ ಬಾಟಲಿಗೆ ಹೋಯಿತು. ಒಂದು ಅಂಜೂರ, ಇನ್ನೊಂದು. ತಳ ಕಂಡಾಗಲೇ ತಿಳಿದದ್ದು, ತಲೆಯ ಮೇಲೆ ಯಾರೋ ನಿಂತಿದ್ದಾರೆಂದು. ಮರೆತ ಕನ್ನಡಕಕ್ಕೆ ಮರಳಿ ಬಂದಿದ್ದ ಅದೇ ಗೃಹಸ್ಥರು.

"ಇದು ಮಾಂಸ ಅಲ್ಲ," ಎಂದರು.

"ಅನ್ನ, ಮೊಸರು."

"ಕ್ರಿಸ್‌ಮಸ್ಸಿಗಾ?"

"ದಿನಾ."

ಚಮಚ ಕೇಳಿ ಪಡೆದು, ನನ್ನ ಡಬ್ಬಿಯಿಂದಲೇ ತಿಂದು, ಮೂಗೊರೆಸಿಕೊಂಡು, ಇನ್ನೊಂದು ಚಮಚ ತಿಂದರು. ಆಮೇಲೆ ಪರದೆ ಸರಿಸಿ ಅಜ್ಜಿಯನ್ನು ಬಹಳ ಗಂಭೀರವಾಗಿ ಕೇಳಿದರು: "ಇದನ್ನು ಹೀಗೆ ತಿನ್ನಲು ಅನುಮತಿ ಇದೆಯಾ?"

ನಾನು ತುಂಬಿದ ಬಾಯಲ್ಲೇ "ತಪ್ಪಾಯ್ತು ಅಜ್ಜೀ" ಎಂದೆ, ಅದೂ ಕನ್ನಡದಲ್ಲಿ.

ಈಗ ಕಲೋನ್‌ನ ನಮ್ಮ ಬೀದಿಯ ಅಂಗಡಿಯಲ್ಲಿ ಆ ಬಾಟಲಿ ಮೊಸರಿನ ಡಬ್ಬಗಳ ಪಕ್ಕದಲ್ಲೇ ಕೂತಿರುತ್ತದೆ. ಹಂಡೆ ಇನ್ನೂ ಒಲೆಯ ಮೇಲಿದೆ. ಆದರೆ ಆ ಗಳಿಗೆಯಲ್ಲಿ ಅಜ್ಜಿ ನನ್ನ ಡಬ್ಬಿಯೊಳಗೆ ಬಗ್ಗಿ ನೋಡಿದರು. ಮೊಸರಿನ ಮೇಲೆ ಅಂಜೂರದ ಪಾಕ ಕಂದು ಗೆರೆ ಎಳೆದಿತ್ತು. ಜೀವಮಾನದಲ್ಲಿ ಮೊದಲ ಸಲವೆಂಬಂತೆ ಕೈಗಳನ್ನು ಆಡಿಸದೆ, ಆ ಗೃಹಸ್ಥರಿಗೆ ಹೇಳಿದರು:

"ಹೇಗೆ ತಿನ್ನಬೇಕು ಅಂತ ನನ್ನ ಮೊಮ್ಮಕ್ಕಳಿಗೆ ಸರಿಯಾಗಿ ಗೊತ್ತುಂಟು, ಆದ್ರೆ ಒಂದು ಹಣ್ಣೂ ಮುಟ್ಟುದಿಲ್ಲ. ಇವ ತಪ್ಪಾಗಿ ತಿಂದು ಬಾಟ್ಲಿ ಖಾಲಿ ಮಾಡಿದ. ನೀವು ಯಾರಿಗೆ ಮಾರುದು, ಹೇಳಿ."