ಎಡಗೈಯ ಪೆಟ್ಟು

ಟೊಂಗಾದ ಆ ಊರಲ್ಲಿ ಅಂದು ಸಡಗರವೋ ಸಡಗರ! ಮೆಲೆನೈಟೆಯ ಮಗಳ ಮದುವೆಗೆ ನಾರುಬಟ್ಟೆ ಸಿದ್ಧವಾಗಬೇಕಿತ್ತು. ಹೆಂಗಸರು ಮರದ ದಿಮ್ಮಿಯ ಸುತ್ತ ಕೂತು ನೆನೆಸಿದ ತೊಗಟೆಯನ್ನು ಕೊಡತಿಯಿಂದ ಬಡಿಯುತ್ತಿದ್ದರು. ಮದುಮಗಳ ತಾಯಿಯೇ ಬಡಿಯದೆ ಎದ್ದು ಹೋದರೆ ಆ ಬಟ್ಟೆಗೆ ಏನು ಮರ್ಯಾದೆ?

ಮೆಲೆನೈಟೆಯ ಹಿಗ್ಗು ಹೇಳತೀರದು. ಆದರೆ ಬಲಗೈ? ಕ್ಯಾನ್ಸರ್ ಬಂದ ಸ್ತನವನ್ನು ತೆಗೆದು ವರ್ಷಗಳಾದರೂ ಕಂಕುಳಿನಿಂದ ಬೆರಳ ತುದಿಯವರೆಗೆ ಉರಿಯೋ ಉರಿ. "ನೋವು ಬರೋಕೆ ಮುಂಚೇನೇ ತಗೊಳ್ಳಿ, ತಪ್ಪಿಸ್ಬೇಡಿ" ಎಂದು ನರ್ಸ್ ಮಾತ್ರೆ ಕೊಟ್ಟಿದ್ದಳು. ಹೇಳುವುದೇನು, ಸುಲಭ! ಇವಳು ಗುಣವಾದಳೆಂದು ಸೋದರತ್ತೆ ಸೆಪಿಯುತಾ ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸಿ, ಹಂದಿ ಸುಡಿಸಿ, ಊರಿಗೆಲ್ಲ ಊಟ ಹಾಕಿಸಿದ್ದಳು. ಅಪ್ಪನ ಅಕ್ಕ ಹೇಳಿದಳೆಂದರೆ ಆ ಮನೆಯಲ್ಲಿ ಮುಗಿಯಿತು. ದೇವರು ವಾಸಿ ಮಾಡಿದ ಮೇಲೂ ಮಾತ್ರೆ ನುಂಗಿದರೆ ಜನ ಏನೆಂದಾರು? ಮೆಲೆನೈಟೆ ಅವನ್ನು ಸೋಪಿನ ಡಬ್ಬಿಯಲ್ಲಿ ಬಚ್ಚಿಟ್ಟು, ಬಚ್ಚಲಲ್ಲಿ ಅರ್ಧರ್ಧ ಮುರಿದು ನುಂಗುತ್ತಿದ್ದಳು. ಇವತ್ತು ಅದೂ ಆಗಿರಲಿಲ್ಲ. ಮನೆ ತುಂಬ ಜನ.

ಕೊಡತಿಯನ್ನು ಎಡಗೈಗೆ ದಾಟಿಸಿದಳು. ತಾಳ ತಪ್ಪಿತು. ಸರದಿಯಲ್ಲಿ ಬಡಿಯುವಾಗ ಒಬ್ಬಳು ತಡವರಿಸಿದರೂ ಬೀದಿಗೆಲ್ಲ ಕೇಳಿಸುತ್ತದೆ.

"ಯಾರೇ ಅದು, ಕೋಳಿ ಕೆದಕಿದ ಹಾಗೆ ಬಡೀತಿರೋದು?" ಕೆಲಸಕ್ಕೆ ಕೈ ಹಾಕದ ಹಿರಿಯಳಿಗೆಂದೇ ಹಾಸಿದ್ದ ಚಾಪೆಯಿಂದಲೇ ಅತ್ತೆ ಗುಡುಗಿದಳು.

"ಮದುಮಗಳ ಅವ್ವಂಗೆ ಮದುವೆ ಗುಂಗು!" ಪಕ್ಕದ ಲೋಸೆ ಕಿಚಾಯಿಸಿದಳು. ಎಲ್ಲರೂ ಗೊಳ್ಳೆಂದರು.

ಮೆಲೆನೈಟೆಗೆ ತಡೆಯಲಾಗಲಿಲ್ಲ. "ಗುಂಗಲ್ಲ ಕಣೇ, ನೋವು! ಕ್ಯಾನ್ಸರ್ ಹೋಯ್ತು ಅತ್ತೆ, ನೋವು ಹೋಗ್ಲಿಲ್ಲ. ನಿಮ್ಮ ಪ್ರಾರ್ಥನೆ ಸುಳ್ಳಾಗ್ಬಾರ್ದು ಅಂತ ಬಾಯಿ ಮುಚ್ಕೊಂಡಿದ್ದೆ."

ಕೊಡತಿಗಳೆಲ್ಲ ನಿಂತವು. ಅತ್ತೆ ಅವಳತ್ತ ತಿರುಗಿದಳು.

"ದೇವರು ನಿನ್ನನ್ನ ಉಳಿಸ್ದ, ಅದಕ್ಕೆ ಊಟ ಹಾಕ್ಸಿದ್ದು. ಮಾತ್ರೆ ಬೇಡ ಅಂತ ನಾನ್ಯಾವಾಗ ಅಂದೆ, ಪೆದ್ದಿ? ಎಲ್ಲಿಟ್ಟಿದ್ದೀಯ?"

"ಸೋಪಿನ ಡಬ್ಬೀಲಿ."

ಅತ್ತೆ ತಾನೇ ಎದ್ದು ಹೋಗಿ ತಂದಳು. ಎಲ್ಲರೆದುರು ಇಡೀ ಮಾತ್ರೆಯನ್ನು ಎಳನೀರಿನ ಜೊತೆ ನುಂಗಿಸಿದಳು. ಆಮೇಲೆ ಯಾರೂ ಕಂಡಿರದ್ದನ್ನು ಮಾಡಿದಳು: ಚಾಪೆಯ ಗೌರವ ಬಿಟ್ಟು, ಲೋಸೆಯನ್ನು ಆಚೆ ಸರಿಸಿ, ಕೊಡತಿ ಹಿಡಿದು ಮೆಲೆನೈಟೆಯ ಬಲಕ್ಕೆ ಕೂತಳು.

"ನೀನು ಎಡಗೈಲೇ ಬಡಿ. ನಿಧಾನಕ್ಕೆ. ನಿನ್ನ ತಾಳಕ್ಕೆ ನಾವು ಬರ್ತೀವಿ."

ಮೆಲೆನೈಟೆ ಬಡಿದಳು. ಉಳಿದವರು ಕಾದು ಬಡಿದರು. ಹುಟ್ಟಿದಾರಭ್ಯ ಕೊಡತಿ ಹಿಡಿಯದ ಅತ್ತೆಯ ಪೆಟ್ಟು ಮಾತ್ರ ತನ್ನದೇ ಬೆರಳಿಗೆ ಬಿತ್ತು.

"ಅಯ್ಯಯ್ಯೋ! ನಂಗೂ ಒಂದು ಮಾತ್ರೆ ಕೊಡ್ರೇ!" ಎಂದು ಅತ್ತೆ ಊರಿಗೆಲ್ಲ ಕೇಳುವಂತೆ ಕೂಗಿದಳು.