ಎತ್ತಿ ಕುಡಿಯಲು ಬಾರದ ಉಸಿರು

ಉಸ್ತಾದರ ಎಡಗಡೆಯ ಕೋರೆಹಲ್ಲು ಅರ್ಧ ಮುರಿದಿತ್ತು. ಮುಂಬೈ ಬಂದರಿನಲ್ಲಿ ನೀರೊಳಗೆ ವೆಲ್ಡಿಂಗ್ ಮಾಡುತ್ತಿದ್ದ ಕಾಲಕ್ಕೆ ಸರಪಳಿ ಬಡಿದು ಮುರಿದದ್ದಂತೆ. ಹಾಗಾಗಿ ಅವರು ಕಚ್ಚಿ ಹಿಡಿಯುತ್ತಿದ್ದ ರೆಗ್ಯುಲೇಟರಿನ ರಬ್ಬರಿನಲ್ಲಿ ಬಲಗಡೆ ಆಳವಾದ ಗುಳಿ, ಎಡಗಡೆ ಒಂದು ಸಣ್ಣ ದಿಬ್ಬ. ಹತ್ತು ಜನರ ಸಾಮಾನು ರಾಶಿ ಹಾಕಿದರೂ ಕಣ್ಣು ಮುಚ್ಚಿ ಬೆರಳಾಡಿಸಿ ಇದು ಉಸ್ತಾದರದು ಎಂದು ಹೇಳಬಹುದಿತ್ತು. ಬೆರಳಾಡಿಸಿ ಎಂದೆ, ಬಾಯಿಗಿಟ್ಟು ಎನ್ನಲಿಲ್ಲ. ನಾನು ಹೇಳಹೊರಟಿರುವುದು ಅದನ್ನೇ.

ರೆಗ್ಯುಲೇಟರ್ ಎಂದರೆ ನಮ್ಮೂರಲ್ಲಿ ಗ್ಯಾಸ್ ಒಲೆಯದು, ಇಲ್ಲವೇ ಫ್ಯಾನಿನದು. ಇದು ಮುಳುಗುವವರದು. ಬೆನ್ನಿನ ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯನ್ನು ಪಳಗಿಸಿ, ಎದೆ ತಡೆಯುವಷ್ಟನ್ನೇ ಬಾಯಿಗೆ ಕೊಡುವಂಥದು. ಕಮಲಾಪುರದ, ಬೌದ್ಧರಾದ ದಲಿತ ಮನೆತನದ ಉಸ್ತಾದರು ಮುಂಬೈ ಬಿಟ್ಟು ಬಂದ ಮೇಲೆ ಕಲಬುರಗಿಯ ರೋಜಾ ಬಡಾವಣೆಯ ಒಂದು ಗಲ್ಲಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದರು. ಆದರೆ ಬಾವಿಗೋ ಕಲ್ಲಿನ ಖಣಿಗೋ ಯಾರಾದರೂ ಬಿದ್ದರೆ ಸುತ್ತಲಿನ ಹಳ್ಳಿಗಳಿಂದ ಫೋನು ಬರುತ್ತಿದ್ದದ್ದು ಅವರಿಗೇ. ವೆಲ್ಡಿಂಗ್ ಕನ್ನಡಕ ತೆಗೆದಿಟ್ಟು, ಮಾತಿಲ್ಲದೆ ಹೊರಟುಬಿಡುತ್ತಿದ್ದರು.

ನಾನು ಶರಣಬಸವೇಶ್ವರ ಗುಡಿಯ ಹತ್ತಿರ ಪಂಪ್‌ಸೆಟ್ ಅಂಗಡಿಯವನು. ನಮ್ಮ ಕಾಕಾ ಮಹಾಗಾಂವದ ಹೊಲದ ಬಾವಿಗೆ ಮೋಟರ್ ಇಳಿಸಲು ಹೋಗಿ ಜಾರಿ ಬಿದ್ದ. ಎರಡು ದಿನ ಪಾತಾಳಗರಡಿ ಹಾಕಿ ಎಳೆದರೂ ಸಿಗಲಿಲ್ಲ. ಮೂರನೆಯ ದಿನ ಉಸ್ತಾದರು ಬಂದು ಇಳಿದರು, ಕಾಕಾನನ್ನು ಮಲಗಿದ ಕೂಸಿನಂತೆ ಎದೆಗಾನಿಸಿಕೊಂಡು ಮೇಲೆ ತಂದರು. ಕಟ್ಟೆಯ ಮೇಲೆ ಕೂತು, "ಜರಾ ನೀರು ಕೊಡ್ರಿ" ಅಂದರು. ತಂಬಿಗೆ ತಂದವನು ನಾನು. ಅವರು ತಾವಾಗಿಯೇ ಬೊಗಸೆ ಒಡ್ಡಿದರು. ನಾನು ಮೇಲಿನಿಂದ ಸುರಿದೆ, ತಂಬಿಗೆ ಅವರ ಬೆರಳಿಗೆ ತಾಗದಷ್ಟು ಎತ್ತರದಿಂದ. ನಮ್ಮ ಕಾಕಾನನ್ನು ತಬ್ಬಿ ತಂದ ಕೈಗೆ!

ನಮ್ಮ ಮನೆಯಲ್ಲಿ ದಿನಾ ಬೆಳಗ್ಗೆ ವಚನ ಹಾಡುತ್ತಾರೆ. ಮೇಲು ಕೀಳು ಇಲ್ಲವೆಂದು ರಾಗವಾಗಿ ಹಾಡಿ ಮುಗಿಸಿ, ಹಿತ್ತಿಲ ಬಾಗಿಲಿಗೆ ಬಂದ ಕೆಲಸದವಳಿಗೆ ಬೇರೆ ಕಪ್ಪಿನಲ್ಲಿ ಚಹಾ ಕೊಡುತ್ತಾರೆ. ಅಂಥ ಮನೆಯಲ್ಲಿ ಬೆಳೆದವನು ನಾನು.

ಆದರೂ ಕಾಕಾನ ದಿನಕರ್ಮ ಮುಗಿದ ವಾರಕ್ಕೆ ರೋಜಾಕ್ಕೆ ಹೋಗಿ, "ನನಗೂ ಕಲಸ್ರಿ ಉಸ್ತಾದ್" ಎಂದೆ. ಇನ್ನೊಬ್ಬರ ಮನೆಯವರು ನಮ್ಮ ಹಾಗೆ ಬಾವಿಯ ಕಟ್ಟೆಯ ಮೇಲೆ ಎರಡು ದಿನ ಕೂರಬಾರದು ಅನ್ನಿಸಿತ್ತು. ಅದು ಸುಳ್ಳಲ್ಲ. ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಉಸುರು ಹಿಡಿಯೋದು ಕಲಸಂಗಿಲ್ಲ ತಮ್ಮಾ. ಉಸುರು ಬಿಡೋದು ಕಲಸ್ತೀನಿ. ಹಿಡದವರೇ ಸಾಯ್ತಾರ" ಅಂದರು.

ಖಣಿಗಳು ಆಳ. ಒಂದು ಸಿಲಿಂಡರಿನ ಗಾಳಿ ಸಾಲದು. ಹೋಗುವುದು ಹತ್ತು ನಿಮಿಷವಾದರೆ, ನಿಂತು ನಿಂತು ಮೇಲೆ ಬರುವುದಕ್ಕೆ ಅದರ ಮೂರು ಪಟ್ಟು ಬೇಕು. ಅವಸರ ಮಾಡಿದರೆ ರಕ್ತದೊಳಗೆ ಗುಳ್ಳೆ ಎದ್ದು ಮನುಷ್ಯ ಮುಗಿದೇಹೋಗುತ್ತಾನೆ. ಅದಕ್ಕೇ ಜೋಡಿ ಸಿಲಿಂಡರು. ಊರವರೆಲ್ಲ ಕೂಡಿ ಇಬ್ಬರಿಗಾಗುವಷ್ಟು ಸಾಮಾನು ತರಿಸೋಣ ಎಂದಾಗ, ರೆಗ್ಯುಲೇಟರ್ ಆರಿಸಲು ಉಸ್ತಾದರು ನಮ್ಮ ಅಂಗಡಿಯಲ್ಲೇ ಕೂತರು. ನನ್ನ ಅವ್ವ, "ಒಲಿ ರೆಗ್ಯುಲೇಟರಿಗೆ ಇಷ್ಟು ಮೀಟಿಂಗ್ ಯಾಕೋ?" ಎಂದು ಕೇಳಿ ಹೋದಳು.

ಉಸ್ತಾದರಿಗೆ ಹೆಸರು, ಹೊಳಪು ಯಾವುದೂ ಬೇಕಿರಲಿಲ್ಲ. ರೆಗ್ಯುಲೇಟರನ್ನು ಸಿಲಿಂಡರಿಗೆ ಹೊರಗಿನಿಂದ ಹಿಡಿಕಿ ಹಾಕಿ ಕೂಡಿಸುವುದು ಬೇಡ, ತಿರುಪು ಹಾಕಿ ಒಳಗೆ ಕೂಡಿಸುವುದೇ ಬೇಕು. ಗುಹೆಯಂಥ ಜಾಗದಲ್ಲಿ ಬಂಡೆಗೆ ಬಡಿದರೂ ಜಾರಬಾರದು. ಒಳಗಿನ ಸ್ಪ್ರಿಂಗಿಗೆ ಖಣಿಯ ರಾಡಿ ತಾಗದಂತೆ ರಬ್ಬರ್ ಪರದೆ ಮುಚ್ಚಿರಬೇಕು. ಒಬ್ಬೊಬ್ಬರಿಗೆ ಎರಡು, ಒಂದೊಂದು ಸಿಲಿಂಡರಿಗೆ ಒಂದೊಂದು. ಬಲಗಡೆಯದಕ್ಕೆ ಏಳಡಿ ಉದ್ದದ ಪೈಪು, ಅದು ನಮ್ಮ ಬಾಯಲ್ಲಿ. ಎಡಗಡೆಯದಕ್ಕೆ ಮೊಳದುದ್ದದ ಪೈಪು, ಅದು ರಬ್ಬರ್ ದಾರದಲ್ಲಿ ತಾಳಿಯ ಹಾಗೆ ಕೊರಳಲ್ಲಿ. ಜೊತೆಗಾರನ ಗಾಳಿ ಮುಗಿದರೆ ಕೊಡಬೇಕಾದದ್ದು ಕೊರಳಿನದಲ್ಲ. ನಮ್ಮ ಬಾಯಲ್ಲಿರುವುದನ್ನೇ ತೆಗೆದು ಕೊಟ್ಟು, ಕೊರಳಿನದನ್ನು ನಾವು ಕಚ್ಚಬೇಕು.

ನಾನು ವ್ಯಾಪಾರಸ್ಥ. "ಕೊಳ್ಳಾಗ ಇರೋದು ಯಾವಾಗೋ ಒಮ್ಮೆ ಬೇಕಾಗೋದಲ್ರೀ. ಅದು ಸಾದಾ ಇದ್ದರ ನಡೀತದ" ಎಂದೆ.

ಉಸ್ತಾದರು, "ನಾ ಸಣ್ಣಾವಿದ್ದಾಗ ಚಾದ ಹೋಟೆಲಿನಾಗ ನಮ್ಮ ಕಪ್ಪು ಹೊರಗ ಗ್ವಾಡಿ ಮ್ಯಾಲ ಇರ್ತಿತ್ತು. ಕಿವಿ ಮುರದದ್ದು. ನಾವೇ ತೊಳಕೊಂಡು ನಾವೇ ಇಡಬೇಕು. ನೀರಾಗ ಅದು ಬ್ಯಾಡ ತಮ್ಮಾ. ಎರಡೂ ಒಂದೇ ನಮೂನಿ ಇರ್ಲಿ" ಅಂದರು. ನಾಲ್ಕೂ ಒಂದೇ ನಮೂನೆಯವು ಬಂದವು.

ಕಮಲಾಪುರದ ಹಳೇ ಬಾವಿಯೊಂದರಲ್ಲಿ ಅಭ್ಯಾಸ. ಅಂಗೈಯನ್ನು ಗಂಟಲಿಗೆ ಅಡ್ಡ ಎಳೆದರೆ ಗಾಳಿ ಇಲ್ಲ ಎಂದರ್ಥ. ನಾನು ಎಳೆಯುತ್ತಿದ್ದೆ. ಅವರು ತಮ್ಮ ಬಾಯಿಯದನ್ನು ತೆಗೆದು ಚಾಚುತ್ತಿದ್ದರು. ನನ್ನ ಕೈ ಅದನ್ನು ದಾಟಿ ಅವರ ಕೊರಳಿನದಕ್ಕೆ ಹೋಗುತ್ತಿತ್ತು. ಯಾರೂ ಕಚ್ಚಿರದ, ಹೊಚ್ಚಹೊಸ ರಬ್ಬರು. ಒಮ್ಮೆಯಲ್ಲ, ಎರಡು ಸಲವಲ್ಲ, ಪ್ರತಿ ಸಲ. ಮೇಲೆ ಬಂದು, "ಅದು ಹತ್ರ ಕಾಣಸ್ತದ್ರೀ" ಎಂದು ತೇಲಿಸುತ್ತಿದ್ದೆ.

"ಹತ್ರದ್ದಲ್ಲ, ಭರೋಸದ್ದು ತಗೋ. ನನ್ನ ಬಾಯಾಗಿಂದು ನಡದದ ಅಂತ ಗೊತ್ತದ. ಕೊಳ್ಳಾಗಿಂದು ಯಾರು ನೋಡ್ಯಾರ?" ಎಂದು ಅವರು ಬೇಸರವಿಲ್ಲದೆ ಮತ್ತೆ ಮತ್ತೆ ಹೇಳುತ್ತಿದ್ದರು.

ಅಭ್ಯಾಸ ಮುಗಿಸಿ ಅವರ ಮನೆಗೆ ಹೋದರೆ ವೈನಿ, ಅಂದರೆ ಅವರ ಹೆಂಡತಿ, ತಂಬಿಗೆಯಲ್ಲಿ ನೀರು ಕೊಡುತ್ತಿದ್ದರು. ನಾನು ತುಟಿ ತಾಗಿಸದೆ ಎತ್ತಿ ಕುಡಿಯುತ್ತಿದ್ದೆ. ನಮ್ಮ ಕಡೆ ಎಲ್ಲರೂ ಎತ್ತಿಯೇ ಕುಡಿಯುತ್ತಾರೆ, ಯಾರೂ ಬೆರಳು ತೋರಿಸುವ ಹಾಗಿಲ್ಲ. ಆ ಅನುಕೂಲ ನನಗಿತ್ತು. ಒಂದು ದಿನ ಉಸ್ತಾದರು ಬಾಗಿಲಲ್ಲಿ ಕೂತು ಕಮಲಾಪುರದ ಕೆಂಪು ಬಾಳೆಹಣ್ಣು ಸುಲಿಯುತ್ತ, ನನ್ನತ್ತ ನೋಡದೆಯೇ ಅಂದರು: "ಹೊಲದಾಗ ಎತ್ತಿ ಕುಡಿಯೋದು ಛಲೋ. ನೀರಾಗ ಉಸುರು ಎತ್ತಿ ಕುಡಿಯಾಕ ಬರಂಗಿಲ್ಲ ತಮ್ಮಾ. ಕಚ್ಚೇ ಕುಡಿಬೇಕು." ನಾನು ನಕ್ಕೆ. ಅವರು ನಗಲಿಲ್ಲ.

ಆ ಮಳೆಗಾಲ ಮುಗಿದ ಮೇಲೆ, ನೀರು ತುಂಬಿದ ಹಳೇ ಖಣಿಗೆ ಒಂದು ಟಿಪ್ಪರ್ ಉರುಳಿತು. ಚಾಲಕ ಒಳಗೇ ಉಳಿದಿದ್ದ. ಅವನ ಹೆಂಡತಿ ಅಂಚಿನಲ್ಲಿ ಕೂತಿದ್ದಳು, ಅಳುತ್ತಲೂ ಇರಲಿಲ್ಲ. ಉಸ್ತಾದರೂ ನಾನೂ ಇಳಿದೆವು. ಕೆಳಗೆ ರಾಡಿ ಎದ್ದು, ಚಾಚಿದ ಕೈ ಕಾಣದು. ಉಸ್ತಾದರು ತಡವಿ ತಡವಿ ಅವನಿಗೆ ಹಗ್ಗ ಬಿಗಿದರು, ಮೇಲಿನವರು ಎಳೆದುಕೊಂಡರು. ಹೆಣವಾಗಿಯಾದರೂ ಅವನು ಹೆಂಡತಿಗೆ ಸಿಕ್ಕ. ಕೆಲಸ ಮುಗಿದಿತ್ತು. ಅಷ್ಟರಲ್ಲಿ ಟಿಪ್ಪರಿನ ಹರಿದ ಕೇಬಲ್ಲೊಂದು ನನ್ನ ಕಾಲಿಗೆ ಸುತ್ತಿಕೊಂಡಿತು. ಉಸ್ತಾದರು ಕತ್ತರಿಸಿ ಬಿಡಿಸುವಷ್ಟರಲ್ಲಿ ನಾನು ಒದ್ದಾಡಿ, ಏದುಸಿರು ಬಿಟ್ಟು, ಎರಡೂ ಸಿಲಿಂಡರು ಖಾಲಿ ಮಾಡಿಕೊಂಡಿದ್ದೆ. ಎಳೆದರೆ ಏನೂ ಬರಲಿಲ್ಲ. ಅವರ ಅಂಗೈ ತಡವಿ ಹಿಡಿದು ನನ್ನ ಗಂಟಲಿಗೆ ಅಡ್ಡ ಎಳೆದೆ.

ಅವರ ಕೈ ನನ್ನ ಬಾಯಿಯನ್ನು ಹುಡುಕಿ ಬಂದದ್ದು ಗೊತ್ತಾಯಿತು. ನಾನು ಅದನ್ನು ತಳ್ಳಿದೆ. ತಳ್ಳಿ ಅವರ ಕೊರಳಿಗೆ ಕೈ ಹಾಕಿ, ಅಲ್ಲಿದ್ದುದನ್ನು ಹಿಡಿದು ಜಗ್ಗಿದೆ. ದೇವರಾಣೆಗೂ ಹೇಳುತ್ತೇನೆ, ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಜಾತಿ ಇರಲಿಲ್ಲ, ಎಂಜಲು ಇರಲಿಲ್ಲ. ಕೈಯಲ್ಲಿತ್ತು. ತಿಂಗಳುಗಟ್ಟಲೆ ನಾನೇ ಅದಕ್ಕೆ ಕಲಿಸಿದ್ದೆ.

ಮೊಳದುದ್ದದ ಪೈಪು ಎಲ್ಲಿಗೆ ಬಂದೀತು? ಅವರು ನನ್ನ ಕೈ ಬಿಡಿಸಿ, ನನ್ನ ಕತ್ತು ಹಿಡಿದು, ತಮ್ಮ ಬಾಯಿಯದನ್ನು ನನ್ನ ಬಾಯಿಗೆ ತುರುಕಿದರು. ಗಾಳಿ ಬಂತು. ನಾಲಿಗೆಗೆ ಬಲಗಡೆ ಗುಳಿ, ಎಡಗಡೆ ದಿಬ್ಬ ತಾಗಿತು. ಅದನ್ನು ಕಚ್ಚಿಕೊಂಡು ನಾನು ಅತ್ತೆ.

ನಿಂತು ನಿಂತು ಮೇಲೆ ಬಂದೆವು. ಅವರ ಕೈ ನನ್ನ ತೋಳು ಬಿಡಲಿಲ್ಲ. ಬೆಳಕು ಬಿದ್ದ ಮೇಲೆ ನೋಡಿದರೆ, ಅವರ ತುಟಿಗಳ ನಡುವೆ ಬರೀ ಪ್ಲಾಸ್ಟಿಕ್ ಕೊಳವೆ. ಒಂದೊಂದು ಉಸಿರಿಗೂ ನೀರು ಒಳಗೆ ಹೋಗುತ್ತಿತ್ತು. ಕಚ್ಚಲು ಇರಬೇಕಾದ ರಬ್ಬರು ಅಲ್ಲಿರಲಿಲ್ಲ. ನಾನು ಜಗ್ಗಿದ್ದಕ್ಕೆ ಕಿತ್ತು ಬಂದು, ಅಷ್ಟು ಹೊತ್ತೂ ನನ್ನ ಮುಷ್ಟಿಯಲ್ಲಿತ್ತು.

ರಾಡಿನೀರು ಶ್ವಾಸಕೋಶಕ್ಕೆ ಇಳಿದಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನ. ಆಕ್ಸಿಜನ್ ಮಾಸ್ಕಿನೊಳಗಿಂದ, "ಇದಕ್ಕ ಒಂದೇ ರೆಗ್ಯುಲೇಟರ್ ಅದ, ನೋಡು. ಯಾವ ಮಬ್ಬ ಆರಿಸ್ಯಾನ?" ಎಂದು ನನ್ನನ್ನು ನಗಿಸಲು ನೋಡಿದರು. ನನಗೆ ನಗು ಎಲ್ಲಿಂದ ಬರಬೇಕು. ಆರನೆಯ ದಿನ ಧೈರ್ಯ ಮಾಡಿ ಕೇಳಿದೆ: "ಉಸ್ತಾದ್, ನನ್ನ ಬಾಯಾಗಿಂದು ವಾಪಸ್ ತಗೊಂಡು ಇಬ್ಬರೂ ಪಾಳಿ ಮ್ಯಾಲ ಉಸುರಾಡಬಹುದಿತ್ತಲ್ರೀ. ಯಾಕ ಕೇಳ್ಲಿಲ್ಲ?"

ಬಹಳ ಹೊತ್ತು ಉಸಿರು ಕೂಡಿಸಿಕೊಂಡರು. "ನಿನ್ನ ಎಂಜಲ ನನಗ ನಡೀತಿತ್ತು ತಮ್ಮಾ. ನಾ ಒಮ್ಮೆ ಬಾಯಾಗ ಇಟ್ಟು ಕೊಟ್ರ, ನೀ ತಿರುಗಿ ಹಾಕ್ಕೋತೀಯೋ ಇಲ್ಲೋ, ಅದು ಭರೋಸ ಇರ್ಲಿಲ್ಲ."

ಸಿಟ್ಟಿನಿಂದ ಹೇಳಿದ್ದರೆ ಬದುಕಿಕೊಳ್ಳುತ್ತಿದ್ದೆ. ನನಗೆ ಬೇಸರವಾದೀತೆಂದು ಮೆಲ್ಲಗೆ ಹೇಳಿದರು. ಅದಾಗಿ ಮೂರು ದಿನಕ್ಕೆ ಹೋದರು.

ಮಿಂಚಿಹೋದ ಕಾಲಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಹಾಗೆಂದವನು ನನ್ನಂಥ ಕೆಲಸ ಮಾಡಿರಲಿಕ್ಕಿಲ್ಲ.

ಮಣ್ಣು ಮುಗಿಸಿಕೊಂಡು ಕಮಲಾಪುರದ ಅವರ ಮನೆಯ ಬಾಗಿಲಲ್ಲಿ ಕೂತಿದ್ದೆ, ಅವರು ಬಾಳೆಹಣ್ಣು ಸುಲಿಯುತ್ತ ಕೂರುತ್ತಿದ್ದಲ್ಲಿ. ವೈನಿ ಅದೇ ತಂಬಿಗೆಯಲ್ಲಿ ನೀರು ತಂದರು. ನಾನು ಹಿಡಿದುಕೊಂಡು ಸುಮ್ಮನೆ ಕೂತದ್ದನ್ನು ನೋಡಿ, "ಎತ್ತಿ ಕುಡೀರಿ ಸಾವಕಾರ್ರ, ನಮಗೇನು ಬ್ಯಾಸರಿಲ್ಲ" ಅಂದರು.

ನಾನು ತಂಬಿಗೆಯ ಅಂಚಿಗೆ ತುಟಿ ಹಚ್ಚಿದೆ. ಕಚ್ಚಿ ಕುಡಿದೆ, ಪೂರ್ತಿ ಕುಡಿದೆ. ಖಾಲಿ ತಂಬಿಗೆಯನ್ನು ಅವರ ಕೈಗೆ ಕೊಟ್ಟೆ. ವೈನಿ ಅದರ ಅಂಚನ್ನು ಸೆರಗಿನಿಂದ ಒರೆಸಲಿಲ್ಲ, ಒಳಗೂ ಒಯ್ಯಲಿಲ್ಲ. ಅದನ್ನೇ ನೋಡುತ್ತ ನಿಂತು ಅಂದರು:

"ಅವರಿದ್ದಾಗ ಒಮ್ಮೆ ಹಿಂಗ ಕುಡದಿದ್ರ ಸಾಕಿತ್ತಲ್ರೀ, ಸಾವಕಾರ್ರ."